ಸಿಹಿ ಮುಗಿದ ಮೇಲೆ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆ?

ಪ್ರಶ್ನೆ: ನಮಸ್ಕಾರ ಡಾಕ್ಟರ್ ಮೇಡಂ. ನನಗೆ ಇಬ್ಬರು ಮಕ್ಕಳು. ಮಗಳಿಗೆ 8 ವರ್ಷ, ಮಗನಿಗೆ 3 ತುಂಬಿ ಎರಡು ತಿಂಗಳಾಯಿತು. ಮಗಳ ಹುಟ್ಟುಹಬ್ಬಕ್ಕೆ ನನ್ನ ತಮ್ಮ ಒಂದು ಡಬ್ಬಿ ತುಂಬ ಆಟಿಕೆ ಮಿಠಾಯಿ ತಂದುಕೊಟ್ಟ. ಬಟನ್ ಒತ್ತಿದರೆ ಲೈಟ್ ಹತ್ತಿ ಗಿರಗಿರ ತಿರುಗುವ ಲಾಲಿಪಾಪ್, ಊದಿದರೆ ಸೀಟಿ ಹೊಡೆಯುವ ಲಾಲಿಪಾಪ್, ಬೆರಳಿಗೆ ಹಾಕಿಕೊಳ್ಳುವ ಉಂಗುರ ಕ್ಯಾಂಡಿ, ತುದಿಯಲ್ಲಿ ಗುಂಡು ಉರುಳುವ ಹುಳಿ ಸಿರಪ್ಪಿನ ಬಾಟಲಿ, ಒಳಗೆ ಆಟಿಕೆ ಇರುವ ಚಾಕಲೇಟ್ ಮೊಟ್ಟೆ, ಎಲ್ಲಾ ಇತ್ತು. 12 ದಿನದ ಹಿಂದೆ ಮಗಳು ತಾನು ತಿಂದು ಮುಗಿಸಿದ ಸೀಟಿ ಕಡ್ಡಿಯನ್ನು ತನ್ನ ತಮ್ಮನ ಕೈಗೆ ಕೊಟ್ಟಳು. ಅವನು ಅದನ್ನು ಬಾಯಲ್ಲಿಟ್ಟು ಊದುತ್ತಾ ಓಡಾಡುತ್ತಿದ್ದವನು ಇದ್ದಕ್ಕಿದ್ದ ಹಾಗೆ ಕೆಮ್ಮತೊಡಗಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು. ನಮ್ಮತ್ತೆ ಬೆನ್ನು ತಟ್ಟಿದರು. ಎರಡು ನಿಮಿಷದಲ್ಲಿ ಸರಿಹೋಗಿ ಮತ್ತೆ ಆಡಲು ಓಡಿದ. ಕಡ್ಡಿ ಸಿಕ್ಕಿತು, ಅದರ ಒಳಗಿದ್ದ ಪುಟ್ಟ ಬಿಲ್ಲೆ ಮಾತ್ರ ಸಿಗಲಿಲ್ಲ. "ನುಂಗಿರ್ತಾನೆ ಬಿಡು, ನಾಳೆ ಹೊರಗೆ ಬರುತ್ತೆ" ಅಂದರು ಅತ್ತೆ. ಬಂದದ್ದನ್ನು ನಾನು ನೋಡಲಿಲ್ಲ. ಅವತ್ತಿನಿಂದ ರಾತ್ರಿ ಹೊತ್ತು ಕೆಮ್ಮು, ಮಲಗಿದಾಗ ಎದೆಯಲ್ಲಿ ಏನೋ ಸುಯ್ ಅನ್ನುತ್ತದೆ. ಜ್ವರ ಇಲ್ಲ. ಕೆಮ್ಮಿನ ಸಿರಪ್ ಕೊಟ್ಟೆವು, ಕಡಿಮೆ ಆಗಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ಪ್ಯಾಕೆಟ್ ಮೇಲೆ 3 ವರ್ಷ ಮೇಲ್ಪಟ್ಟವರಿಗೆ ಅಂತಲೇ ಇದೆ, ಸುಮ್ನೆ ಹೆದರಬೇಡ ಅಂತಾರೆ ನನ್ನ ಗಂಡ. ಇನ್ನೊಂದು ಕಡೆ, ಲೈಟ್ ಲಾಲಿಪಾಪಿನಿಂದ ನಾಲಿಗೆಗೆ ಕರೆಂಟ್ ಹೊಡೆಯುತ್ತೆ ಅಂತ ವಾಟ್ಸಾಪಿನಲ್ಲಿ ಮೆಸೇಜ್ ಬಂದಿದೆ. ಉಳಿದದ್ದನ್ನೆಲ್ಲ ಎಸೆದುಬಿಡಲಾ? ಮಗಳು ನಾವು ಮಾತಾಡಿದ್ದನ್ನು ಕೇಳಿಸಿಕೊಂಡು, ನಾನೇ ಕೊಟ್ಟಿದ್ದು ಅಂತ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಉತ್ತರ: ಈ ಉತ್ತರವನ್ನು ಪೂರ್ತಿ ಓದುತ್ತಾ ಕೂರಬೇಡಿ. ಮಗನನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಕ್ಕಳಿಗೆ ಬ್ರಾಂಕೋಸ್ಕೋಪಿ ಮಾಡುವ, ಅಂದರೆ ಉಸಿರುಕೊಳವೆಯೊಳಗೆ ಕೊಳವೆ ಇಳಿಸಿ ನೋಡುವ ವ್ಯವಸ್ಥೆ ಇರುವ ಆಸ್ಪತ್ರೆಯೇ ಆಗಬೇಕು. ಕೆಮ್ಮು ಅಂತಷ್ಟೇ ಹೇಳಬೇಡಿ. "12 ದಿನದ ಹಿಂದೆ ಸೀಟಿ ಬಾಯಲ್ಲಿಟ್ಟುಕೊಂಡಿದ್ದಾಗ ಉಸಿರುಕಟ್ಟಿ ಕೆಮ್ಮಿದ, ಒಂದು ತುಂಡು ಸಿಕ್ಕಿಲ್ಲ, ಅವತ್ತಿನಿಂದ ಕೆಮ್ಮು" ಅಂತ ಇದೇ ಕ್ರಮದಲ್ಲಿ ಹೇಳಿ. ಈ ಒಂದು ವಾಕ್ಯ ಯಾವ ಪರೀಕ್ಷೆಗಿಂತಲೂ ಜಾಸ್ತಿ ಕೆಲಸ ಮಾಡುತ್ತದೆ. ಆ ಕಡ್ಡಿಯನ್ನೂ, ಡಬ್ಬಿಯಲ್ಲಿ ಅದೇ ತರಹದ ಇನ್ನೊಂದು ಸೀಟಿ ಲಾಲಿಪಾಪ್ ಉಳಿದಿದ್ದರೆ ಅದನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಒಳಗೆ ಸಿಕ್ಕಿಕೊಂಡಿರಬಹುದಾದ ವಸ್ತು ಎಷ್ಟು ದೊಡ್ಡದು, ಎಷ್ಟು ದಪ್ಪ, ನಡುವೆ ತೂತು ಇದೆಯೋ ಇಲ್ಲವೋ ಅಂತ ಮೊದಲೇ ಗೊತ್ತಾದರೆ ಯಾವ ಚಿಮಟ ಹಿಡಿಯಬೇಕು ಅಂತ ತೀರ್ಮಾನಿಸಲು ನಮಗೆ ತುಂಬಾ ಸಹಾಯ. ಹೋಗುವ ದಾರಿಯಲ್ಲಿ ಏನೂ ತಿನ್ನಿಸಬೇಡಿ, ಅರಿವಳಿಕೆ ಕೊಡಬೇಕಾಗಿ ಬರಬಹುದು. ಉಸಿರಾಡಲು ಕಷ್ಟಪಡುತ್ತಿದ್ದರೆ, ತುಟಿ ನೀಲಿಯಾಗುತ್ತಿದ್ದರೆ ದೂರದ ದೊಡ್ಡ ಆಸ್ಪತ್ರೆ ಹುಡುಕಬೇಡಿ, ಹತ್ತಿರದ ತುರ್ತು ವಿಭಾಗಕ್ಕೇ ಹೋಗಿ.

ಉಳಿದದ್ದನ್ನು ಅಲ್ಲಿ ಸರದಿಗೆ ಕಾಯುವಾಗ ಓದಿದರೆ ಸಾಕು.

ಇಷ್ಟು ಅವಸರ ಯಾಕೆ ಅಂತ ಹೇಳುತ್ತೇನೆ. ನಿಮ್ಮತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಕ್ಕಳು ನುಂಗುವ ನುಣುಪಾದ ಸಣ್ಣ ವಸ್ತುಗಳು ಹೊಟ್ಟೆಗೆ ಇಳಿದವು ಅಂದರೆ ಬಹುತೇಕ ತಾವಾಗಿಯೇ ಹೊರಗೆ ಬರುತ್ತವೆ. ಆದರೆ ಗಂಟಲಿನ ಕೆಳಗೆ ಎರಡು ದಾರಿ ಇದೆ. ಒಂದು ಅನ್ನನಾಳ, ಅದು ಹೊಟ್ಟೆಗೆ ಹೋಗುತ್ತದೆ. ಇನ್ನೊಂದು ಉಸಿರುಕೊಳವೆ, ಅದಕ್ಕೆ ಕೆಳಗೆ ಬಾಗಿಲಿಲ್ಲ. ಅಲ್ಲಿಗೆ ಹೋದದ್ದು ಕೆಮ್ಮಿನ ಜೊತೆ ಬಂದ ದಾರಿಯಲ್ಲೇ ಹೊರಗೆ ಬರಬೇಕು, ಇಲ್ಲವೇ ಯಾರಾದರೂ ತೆಗೆಯಬೇಕು. ನುಂಗುವಾಗ ಮಕ್ಕಳು ಸಾಮಾನ್ಯವಾಗಿ ಅಷ್ಟು ಜೋರಾಗಿ ಕೆಮ್ಮುವುದಿಲ್ಲ. ಇದ್ದಕ್ಕಿದ್ದಂತೆ ಕೆಮ್ಮು, ಕೆಂಪು ಮುಖ, ಕಣ್ಣೀರು ಅಂದರೆ ವಸ್ತು ಉಸಿರಿನ ದಾರಿಯನ್ನು ಮುಟ್ಟಿದೆ ಅಂತಲೇ ನಾವು ಹಿಡಿಯುತ್ತೇವೆ, ಇಲ್ಲ ಅಂತ ಸಾಬೀತಾಗುವವರೆಗೆ.

"ಎರಡು ನಿಮಿಷದಲ್ಲಿ ಸರಿಹೋದ" ಅಂದಿರಲ್ಲ, ಎಲ್ಲರೂ ಮೋಸಹೋಗುವುದು ಅಲ್ಲೇ. ವಸ್ತು ದೊಡ್ಡ ಕೊಳವೆಯನ್ನು ದಾಟಿ ಶ್ವಾಸಕೋಶದ ಒಂದು ಕವಲಿಗೆ ಇಳಿದು ಕೂತುಬಿಟ್ಟರೆ ಅಲ್ಲಿನ ನರಗಳು ಸ್ವಲ್ಪ ಹೊತ್ತಿಗೆ ಅದಕ್ಕೆ ಒಗ್ಗಿಹೋಗುತ್ತವೆ. ಕೆಮ್ಮು ನಿಲ್ಲುತ್ತದೆ. ಮಗು ಆಡುತ್ತದೆ, ತಿನ್ನುತ್ತದೆ, ನಗುತ್ತದೆ. ಇದು ಗಂಟೆಗಟ್ಟಲೆ ಇರಬಹುದು, ವಾರಗಟ್ಟಲೆಯೂ ಇರಬಹುದು. ಆಮೇಲೆ ನಿಧಾನವಾಗಿ ರಾತ್ರಿ ಕೆಮ್ಮು, ಒಂದು ಕಡೆ ಮಾತ್ರ ಸುಯ್ ಅನ್ನುವ ಶಬ್ದ, ಮತ್ತೆ ಮತ್ತೆ ಒಂದೇ ಜಾಗದಲ್ಲಿ ನ್ಯುಮೋನಿಯಾ. ಆಗ ಎಲ್ಲರೂ ಅಸ್ತಮಾ, ಅಲರ್ಜಿ, ನೆಗಡಿ ಅಂದುಕೊಳ್ಳುತ್ತಾರೆ, ಯಾಕೆಂದರೆ ಆ ಎರಡು ನಿಮಿಷ ಅಷ್ಟು ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ನಿಮಗೆ ನೆನಪಿದೆ, ಬರೆದಿದ್ದೀರಿ. ಅದೇ ದೊಡ್ಡದು.

ನಾನು ಮಕ್ಕಳ ಕಿವಿ, ಮೂಗು, ಗಂಟಲಿನ ಡಾಕ್ಟರ್. ಒಬ್ಬ 4 ವರ್ಷದ ಹುಡುಗನನ್ನು ಮರೆಯಲು ಆಗಿಲ್ಲ. ಆರು ವಾರ ಇನ್‌ಹೇಲರ್ ಕೊಟ್ಟು ನೋಡಿ ಆಗಿತ್ತು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಎಡಗಡೆ ಗಾಳಿ ಚೆನ್ನಾಗಿ ಓಡುತ್ತಿತ್ತು, ಬಲಗಡೆ ಕಡಿಮೆ. ಅವನ ಅಮ್ಮ ಮೆಲ್ಲಗೆ ಹೇಳಿದರು, "ಮಲಗಿದಾಗ ಇವನ ಎದೆಯಿಂದ ಸೀಟಿ ಕೇಳುತ್ತೆ." ನಾನು ಅವನ ಬಾಯಿಯ ಹತ್ತಿರ ಕಿವಿ ಇಟ್ಟೆ. ನಿಜವಾಗಿಯೂ ಸೀಟಿ. ಉಸಿರು ಬಿಡುವಾಗಲೆಲ್ಲ ತೆಳ್ಳಗೆ ಒಂದು ಸ್ವರ. ಅರಿವಳಿಕೆ ಕೊಟ್ಟು ನೋಡಿದರೆ ಬಲಗಡೆಯ ಕವಲಿನಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬಿಲ್ಲೆ, ಅಂಗಿಯ ಗುಂಡಿಯಷ್ಟು, ನಡುವೆ ತೂತು. ಅವನು ಆರು ವಾರ ಆ ತೂತಿನಿಂದಲೇ ಬಲಗಡೆಗೆ ಉಸಿರಾಡಿದ್ದ. ತೂತಿನ ಅಂಚಿಗೆ ಕಫ ಮೆತ್ತಿಕೊಂಡಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ತೂತೂ ಮುಚ್ಚಿಹೋಗುತ್ತಿತ್ತು. ಹೊರತೆಗೆದು ಟ್ರೇಯಲ್ಲಿ ಇಟ್ಟಾಗ ಅವನ ಅಮ್ಮ ಅದನ್ನು ಗುರುತಿಸಿದರು. ಸೀಟಿ ಲಾಲಿಪಾಪಿನದು.

ಎಕ್ಸ್‌ರೇ ತೆಗೆಸಿ "ಏನೂ ಇಲ್ಲ" ಅಂತ ಯಾರಾದರೂ ಹೇಳಿದರೆ ಅಷ್ಟಕ್ಕೇ ವಾಪಸ್ ಬರಬೇಡಿ. ಪ್ಲಾಸ್ಟಿಕ್ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಒಂದು ಕಡೆಯ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡು ಉಬ್ಬಿರುವುದು ಕಾಣಬಹುದು, ಕಾಣದೆಯೂ ಇರಬಹುದು. ಇಂಥ ಕಥೆ ಇರುವ ಮಗುವಿಗೆ ಎಕ್ಸ್‌ರೇ ಸರಿಯಾಗಿದ್ದರೂ ಒಳಗೆ ಕೊಳವೆ ಇಳಿಸಿ ನೋಡುವುದು ರೂಢಿ. ಆ ಮಾತು ಕೇಳಿ ಹೆದರಬೇಡಿ. 1897ರಲ್ಲಿ ಜರ್ಮನಿಯ ಗುಸ್ಟಾವ್ ಕಿಲ್ಲಿಯನ್ ಎಂಬ ವೈದ್ಯರು ಒಬ್ಬ ರೈತನ ಶ್ವಾಸನಾಳದಿಂದ ಮೂಳೆಯ ತುಂಡನ್ನು ಹೀಗೆ ಕೊಳವೆ ಇಳಿಸಿ ತೆಗೆದರು, ಅಂದಿನಿಂದ ನಡೆದುಬಂದಿರುವ ಕೆಲಸ ಇದು. ಅಮೆರಿಕದ ಷೆವಲಿಯರ್ ಜಾಕ್ಸನ್ ಎಂಬ ವೈದ್ಯರು ರೋಗಿಗಳ ಗಂಟಲು, ಶ್ವಾಸನಾಳಗಳಿಂದ ತೆಗೆದ 2,000ಕ್ಕೂ ಹೆಚ್ಚು ವಸ್ತುಗಳನ್ನು ಎತ್ತಿಟ್ಟಿದ್ದರು. ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿ ಅವು ಈಗಲೂ ಇವೆ, ಅದರಲ್ಲಿ ಪುಟಾಣಿ ಆಟಿಕೆಗಳೂ ಇವೆ. ಅರಿವಳಿಕೆಯ ಅಪಾಯ ಇದ್ದೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಒಳಗೆ ವಸ್ತು ಬಿಟ್ಟುಕೊಂಡಿರುವುದರ ಅಪಾಯ ಅದಕ್ಕಿಂತ ತುಂಬಾ ದೊಡ್ಡದು. ಒಂದು ಕೆಮ್ಮಿಗೆ ಅದು ಜಾಗ ಬಿಟ್ಟು ಮೇಲೆ ಬಂದು ದೊಡ್ಡ ಕೊಳವೆಯನ್ನೇ ಮುಚ್ಚಿಬಿಡಬಹುದು. ನೋಡಿದಾಗ ಏನೂ ಸಿಗದೇ ಹೋದರೆ? ಆಗಲಿ, ಒಳ್ಳೆಯದೇ ಆಯಿತು.

ಇನ್ನು ನಿಮ್ಮ ಯಜಮಾನರ ಮಾತು. 3 ವರ್ಷ ಮೇಲ್ಪಟ್ಟವರಿಗೆ ಅಂತ ಬರೆದಿದ್ದರೆ 3 ತುಂಬಿದ ಮಗುವಿಗೆ ನಿಶ್ಚಿಂತೆ ಅಂತ ಬಹಳ ಜನ ಓದಿಕೊಳ್ಳುತ್ತಾರೆ. ನಾನು ಅದನ್ನು ಓದುವ ರೀತಿ ಬೇರೆ. ಅನೇಕ ಆಟಿಕೆಗಳ ಮೇಲೆ ಆ ಮಾತಿನ ಅರ್ಥ "ಇದರಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ಸಣ್ಣ ಭಾಗ ಇದೆ" ಅಂತ. ಇದಕ್ಕೆ ಒಂದು ಅಳತೆ ಇದೆ. 31.7 ಮಿಲಿಮೀಟರ್ ಅಗಲದ ಒಂದು ಸಣ್ಣ ಲೋಟದಂಥ ಕೊಳವೆ, ಅದರ ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಚಿಕ್ಕ ಮಗುವಿನ ಗಂಟಲನ್ನು ನೆನಪಿನಲ್ಲಿಟ್ಟು ಮಾಡಿದ್ದು. ಆಟಿಕೆಯಾಗಲಿ ಅದರಿಂದ ಕಳಚಿದ ಭಾಗವಾಗಲಿ ಪೂರ್ತಿಯಾಗಿ ಅದರೊಳಗೆ ಕೂತರೆ ಅದು 3 ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ಗುಂಡಾಗಿರುವ ಚೆಂಡಿಗೆ ಅಳತೆ ಇನ್ನೂ ಕಟ್ಟುನಿಟ್ಟು, 44.4 ಮಿಲಿಮೀಟರಿಗಿಂತ ಸಣ್ಣದು ಕೂಡದು. ಯಾಕೆಂದರೆ ಗುಂಡು ವಸ್ತು ಗಂಟಲಲ್ಲಿ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತದೆ, ಪಕ್ಕದಿಂದ ಗಾಳಿ ನುಸುಳಲು ಸಂದೇ ಇರುವುದಿಲ್ಲ. ಮೂರನೇ ಹುಟ್ಟುಹಬ್ಬದ ಬೆಳಿಗ್ಗೆ ಮಗುವಿನ ಗಂಟಲು ಏಕಾಏಕಿ ಅಗಲ ಆಗುವುದಿಲ್ಲ ಅಲ್ವಾ? ನಿಮ್ಮ ಮಗನ ಉಸಿರುಕೊಳವೆ ಹೆಚ್ಚುಕಡಿಮೆ ಅವನ ಕಿರುಬೆರಳಿನಷ್ಟೇ ಇದೆ. ಅಗಿದು ಪುಡಿ ಮಾಡುವ ಹಿಂಬದಿಯ ದವಡೆ ಹಲ್ಲು ಬಂದಿದ್ದರೂ ಅದನ್ನು ಬಳಸುವ ತಾಳ್ಮೆ ಬಂದಿರುವುದಿಲ್ಲ. ಬಾಯಲ್ಲಿ ಏನೋ ಇಟ್ಟುಕೊಂಡು ಓಡುತ್ತಾನೆ, ನಗುತ್ತಾನೆ, ಅಕ್ಕನನ್ನು ಕೂಗುತ್ತಾನೆ. ಕೂಗಬೇಕಾದರೆ ಮೊದಲು ಜೋರಾಗಿ ಉಸಿರು ಎಳೆದುಕೊಳ್ಳಬೇಕು, ಎಲ್ಲ ಆಗುವುದು ಆ ಒಂದು ಕ್ಷಣದಲ್ಲಿ.

ಆಟಿಕೆ ಮಿಠಾಯಿಯ ಮೂಲ ತೊಂದರೆ ಏನು ಅಂತ ಕೇಳಿದರೆ ನಾನು ಸಕ್ಕರೆ ಅನ್ನುವುದಿಲ್ಲ. ಆಟಿಕೆ ಬಾಯಿಗೆ ಹಾಕಬೇಡ ಅಂತ ಹುಟ್ಟಿದಾಗಿನಿಂದ ಹೇಳಿಕೊಟ್ಟಿರುತ್ತೇವೆ. ಇದು ಬಂದು ಆಟಿಕೆಯನ್ನು ಬಾಯಿಗೆ ಹಾಕು ಅನ್ನುತ್ತದೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮಗು ಲಾಲಿಪಾಪ್ ತಿನ್ನುವಷ್ಟು ಹೊತ್ತು ನಾವು ನೋಡುತ್ತಿರುತ್ತೇವೆ. ಮುಗಿಯಿತು ಅಂತ ಗೊತ್ತಾದ ತಕ್ಷಣ ನಮ್ಮ ಗಮನ ಬೇರೆ ಕಡೆ ಹೋಗುತ್ತದೆ. ಅಪಾಯ ಬಹಳ ಸಲ ಶುರುವಾಗುವುದೇ ಆಗ. ನಿಮ್ಮ ಮನೆಯಲ್ಲಿ ಆದದ್ದೂ ಅದೇ, ಸಿಹಿ ಮುಗಿದ ಕಡ್ಡಿ.

ಯಾಕೆ ಹಾಗೆ ಅಂದರೆ, ಇಂಥ ಹಲವು ವಸ್ತುಗಳಲ್ಲಿ ಸಣ್ಣ ಭಾಗಗಳನ್ನು ಹಿಡಿದಿಟ್ಟಿರುವ ಅಂಟೇ ಸಕ್ಕರೆ. ಗಟ್ಟಿ ಕ್ಯಾಂಡಿ ಅಂದರೆ ಸಕ್ಕರೆ ಪಾಕವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ನೀರನ್ನೆಲ್ಲ ಆವಿ ಮಾಡಿ, ಗಾಜಿನ ಹಾಗೆ ಗಟ್ಟಿ ಮಾಡಿದ್ದು. ಅದು ಇರುವವರೆಗೆ ಬಿಲ್ಲೆ, ಕಡ್ಡಿ, ಬಳೆ ಎಲ್ಲ ಒಟ್ಟಿಗೆ ಗಟ್ಟಿಯಾಗಿ ನಿಂತಿರುತ್ತವೆ. ಅಂಗಡಿಯಲ್ಲಿ ಎಳೆದು ನೋಡಿದರೆ ಅಲ್ಲಾಡುವುದಿಲ್ಲ. ಎಂಜಲಿಗೆ ಪಾಕ ಕರಗಿದ ಮೇಲೆ ಅವನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. ಕೊನೆಯಲ್ಲಿ ಉಳಿದ ಕ್ಯಾಂಡಿಯೂ ತೆಳ್ಳಗಾಗಿ, ಅಂಚು ಚೂಪಾಗಿ, ಕಡ್ಡಿಯಿಂದ ಒಂದೇ ತುಂಡಾಗಿ ಕಳಚಿ ಬಾಯೊಳಗೆ ಬೀಳುತ್ತದೆ. ಹಾಗಾಗಿ ಹೊಸ ಪ್ಯಾಕೆಟ್ ಕೈಯಲ್ಲಿ ಹಿಡಿದು ಇದು ಸರಿಯಾಗಿದೆಯಾ ಅಂತ ನೋಡುವುದರಲ್ಲಿ ಅರ್ಥ ಕಡಿಮೆ. ಸಿಹಿ ಮುಗಿದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ ಅಂತ ಯೋಚಿಸಿ. ಒಂದೇ ದೊಡ್ಡ ತುಂಡು ಉಳಿಯುತ್ತದೆಯಾ, ನಾಲ್ಕು ಸಣ್ಣ ತುಂಡಾ, ಒಳಗೆ ಸೆಲ್ ಇದೆಯಾ?

ಕಾನೂನುಗಳೂ ಈ ಪ್ರಶ್ನೆಯನ್ನು ಬೇರೆ ಬೇರೆ ರೀತಿ ಎದುರಿಸಿವೆ. ಅಮೆರಿಕದಲ್ಲಿ 1938ರ ಆಹಾರ ಕಾಯಿದೆ ಮಿಠಾಯಿಯೊಳಗೆ ತಿನ್ನಲಾಗದ ವಸ್ತುವನ್ನು ಹುದುಗಿಸುವುದನ್ನು ತಡೆಯುತ್ತದೆ. ಅದಕ್ಕೇ 1974ರಲ್ಲಿ ಇಟಲಿಯ ಫೆರೆರೊ ಕಂಪನಿ ತಂದ ಕಿಂಡರ್ ಸರ್‌ಪ್ರೈಸ್ ಮೊಟ್ಟೆ ಅಲ್ಲಿ ಮಾರುವ ಹಾಗಿಲ್ಲ. ಚಾಕಲೇಟ್ ಒಂದು ಅರ್ಧದಲ್ಲಿ, ಆಟಿಕೆ ಇನ್ನೊಂದು ಅರ್ಧದಲ್ಲಿ ಬೇರೆಬೇರೆಯಾಗಿ ಇರುವ ಕಿಂಡರ್ ಜಾಯ್‌ಗೆ ಅಡ್ಡಿ ಇಲ್ಲ. ಯುರೋಪ್ ಒಕ್ಕೂಟದ 2009ರ ಆಟಿಕೆ ನಿಯಮ ಇನ್ನೊಂದು ದಾರಿ ಹಿಡಿಯಿತು. ತಿಂಡಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದು, ತಿಂಡಿಯನ್ನು ತಿಂದು ಮುಗಿಸಿದರಷ್ಟೇ ಕೈಗೆ ಸಿಗುವ ಆಟಿಕೆ ಕೂಡದು, ತಿಂಡಿಯ ಜೊತೆ ಕೊಡುವ ಆಟಿಕೆಗೆ ಅದರದೇ ಪ್ರತ್ಯೇಕ ಹೊದಿಕೆ ಇರಬೇಕು ಅನ್ನುತ್ತದೆ ಅದು. ನನಗೆ ಈ ಎರಡನೆಯದು ಮನೆಗೂ ಒಪ್ಪುವ ಮಾತು ಅನ್ನಿಸುತ್ತದೆ. ತಿಂದು ತಿಂದು ಆಟಿಕೆಯನ್ನು ತಲುಪುವ ಹಾಗೆ ಮಾಡಿದ್ದನ್ನು ಚಿಕ್ಕವರ ಕೈಗೆ ಕೊಡಲೇಬೇಡಿ.

ನಿಮ್ಮ ಡಬ್ಬಿಯಲ್ಲಿ ಇರುವುದನ್ನು ಒಂದೊಂದಾಗಿ ನೋಡೋಣ.

ಗುಂಡು ಉರುಳುವ ಬಾಟಲಿಯನ್ನು ಯೋಚನೆ ಮಾಡದೆ ಎಸೆಯಿರಿ. ಮಗಳಿಗೂ ಬೇಡ. 2023ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಇದೇ ಬಗೆಯ ಸುಮಾರು 7 ಕೋಟಿ ಬಾಟಲಿಗಳನ್ನು ವಾಪಸ್ ಕರೆಸಿದರು. ಇಂಥದ್ದೇ ಇನ್ನೊಂದು ಕಂಪನಿಯ ಬಾಟಲಿಯ ಗುಂಡು ಕಳಚಿ ಗಂಟಲಿಗೆ ಸಿಕ್ಕಿ ಒಂದು ಮಗು ತೀರಿಕೊಂಡಿತ್ತು. ಆ ಮಗುವಿಗೆ 7 ವರ್ಷ. ಅಂದರೆ ಇದು ಪುಟ್ಟ ಮಕ್ಕಳ ಸಮಸ್ಯೆ ಮಾತ್ರ ಅಲ್ಲ. ಯೋಚಿಸಿ ನೋಡಿ, ಗುಂಡಿನ ಸುತ್ತ ಇರುವುದು ಒಂದು ತೆಳು ಪ್ಲಾಸ್ಟಿಕ್ ಅಂಚು, ಮಗು ಬಾಟಲಿಯನ್ನು ಹಿಂದಿನಿಂದ ಹಿಂಡುತ್ತದೆ, ಮುಂದಿನಿಂದ ಹೀರುತ್ತದೆ, ನಡುವೆ ಹಲ್ಲಿನಿಂದ ಕಚ್ಚುತ್ತದೆ. ಒಂದು ಸಲ ಅಂಚು ಸಡಿಲಾದರೆ ಗುಂಡು ನೇರವಾಗಿ ನಾಲಿಗೆಯ ಹಿಂಬದಿಗೆ ಹೋಗುತ್ತದೆ. ಗಂಟಲಿನಲ್ಲಿ ಎಂಜಲು ಮೆತ್ತಿದ ನುಣುಪು ಗುಂಡನ್ನು ಬೆರಳಲ್ಲಿ ಹಿಡಿದು ತೆಗೆಯಲು ಯಾರಿಂದಲೂ ಆಗುವುದಿಲ್ಲ. ಇನ್ನಷ್ಟು ಒಳಕ್ಕೆ ತಳ್ಳುತ್ತೀರಿ, ಅಷ್ಟೇ.

ತಿರುಗುವ ಲಾಲಿಪಾಪ್. ವಾಟ್ಸಾಪಿನ ಮೆಸೇಜ್ ಸುಳ್ಳು. ಅದರೊಳಗಿನ ಪುಟ್ಟ ಸೆಲ್‌ಗಳು ಒಟ್ಟು ಸೇರಿದರೂ ಕೆಲವೇ ವೋಲ್ಟ್, ನಾಲಿಗೆಗೆ ಶಾಕ್ ಹೊಡೆಯುವಷ್ಟು ಶಕ್ತಿ ಅದಕ್ಕಿಲ್ಲ. ಆದರೆ ಮೆಸೇಜ್ ತಪ್ಪು ಕಡೆ ಬೊಟ್ಟು ಮಾಡಿ ನಿಜವಾದ ಅಪಾಯವನ್ನು ಮರೆಸಿಬಿಟ್ಟಿದೆ. ನನ್ನ ಮೇಜಿನ ಮೇಲೆ ಇಂಥದ್ದೊಂದನ್ನು ಬಿಚ್ಚಿ ನೋಡಿದ್ದೇನೆ. ಹಿಡಿಯೊಳಗೆ ಬೆರಳುಗುರಿನಷ್ಟು ಮೋಟರ್, ಎರಡು ಹಲ್ಲುಚಕ್ರ, ಒಂದು ಬಲ್ಬು, ಅದರ ಕೆಳಗೆ ಒಂದರ ಮೇಲೊಂದು ಮೂರು ಬಟನ್ ಸೆಲ್. ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರಿನಿಂದ ಎಬ್ಬಿದರೆ ಟಪ್ ಅಂತ ಬಂತು. ಸೆಲ್‌ಗಳು ಕೈ ಮೇಲೆ ಉದುರಿದವು, 7.9 ಮಿಲಿಮೀಟರ್ ಅಗಲದವು, ಬೆಳ್ಳಗೆ ಹೊಳೆಯುತ್ತಾ ಥೇಟ್ ಮಿಠಾಯಿಯ ಹಾಗೆಯೇ. ಒಳ್ಳೆಯ ವಿಷಯ ಒಂದನ್ನೂ ಹೇಳಬೇಕು. 1990ರ ದಶಕದಲ್ಲಿ ತಿರುಗುವ ಲಾಲಿಪಾಪನ್ನು ಮಾರುಕಟ್ಟೆಗೆ ತಂದ ಅಮೆರಿಕದ ಜಾನ್ ಓಷರ್ ಮತ್ತು ಅವರ ತಂಡ ಅದೇ ಆಲೋಚನೆಯಿಂದಲೇ ಕಡಿಮೆ ಬೆಲೆಯ ಎಲೆಕ್ಟ್ರಿಕ್ ಹಲ್ಲುಜ್ಜುವ ಬ್ರಷ್ ಮಾಡಿದರು. ತಂತ್ರದಲ್ಲಿ ತಪ್ಪಿಲ್ಲ. ಸಿಹಿ ಮುಗಿದ ಮೇಲೆ ಅದು ಬಟನ್ ಸೆಲ್ಲಿನ ಡಬ್ಬಿಯಾಗಿ ಮನೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದಲ್ಲ, ಅದು ತಪ್ಪು.

ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದರೊಳಗಿನ ರಾಸಾಯನಿಕ ಸೋರಬೇಕು ಅಂತಿಲ್ಲ. ಒದ್ದೆ ಚರ್ಮ ಎರಡೂ ಬದಿಗೆ ತಾಗಿದ ತಕ್ಷಣ ವಿದ್ಯುತ್ ಹರಿಯುತ್ತದೆ, ಋಣ ತುದಿಯ ಕಡೆ ಸುಣ್ಣದಷ್ಟು ತೀಕ್ಷ್ಣವಾದ ಕ್ಷಾರ ಹುಟ್ಟುತ್ತದೆ, ಅದು ಒಳಗೋಡೆಯನ್ನು ಸುಡುತ್ತದೆ. 20 ಮಿಲಿಮೀಟರಿನ ಲಿಥಿಯಂ ಸೆಲ್ ಎಲ್ಲಕ್ಕಿಂತ ಕೆಟ್ಟದ್ದು, ಎರಡೇ ಗಂಟೆಯಲ್ಲಿ ಗಂಭೀರ ಗಾಯ ಮಾಡಬಲ್ಲದು. ಸಣ್ಣವು ಬಹಳ ಸಲ ಕೆಳಗಿಳಿದು ಹೋಗುತ್ತವೆ, ಆದರೆ ಇಳಿದಿದೆ ಅಂತ ಎಕ್ಸ್‌ರೇ ನೋಡದೆ ಹೇಳಲಾಗದು. ಮೂಗಿಗೆ ಕಿವಿಗೆ ತುರುಕಿಕೊಂಡರೂ ಇದೇ ಕಥೆ, ಅವಸರವೂ ಇಷ್ಟೇ ಇದೆ. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ಆಗಿಲ್ಲದಿದ್ದರೆ, ನುಂಗಲು ಆಗುತ್ತಿದ್ದರೆ, ಜೇನುತುಪ್ಪ ಕೊಡಬಹುದು. 10 ನಿಮಿಷಕ್ಕೆ ಒಮ್ಮೆ ಎರಡು ಟೀ ಚಮಚ, ಹೆಚ್ಚೆಂದರೆ ಆರು ಸಲ. ಅದು ಸುಡುವುದನ್ನು ಸ್ವಲ್ಪ ತಡೆಯುತ್ತದೆ. ಆದರೆ ಆಸ್ಪತ್ರೆಯ ದಾರಿಯಲ್ಲಿ ಕೊಡುವುದು ಅದು. ಮನೆಯಲ್ಲಿ ಜೇನು ಹುಡುಕುತ್ತಾ, ತರಿಸುತ್ತಾ ಹೊತ್ತು ಕಳೆಯಬಾರದು.

ಈ ತಿರುಗುವ ಲಾಲಿಪಾಪನ್ನು ನಾನಾದರೆ ಮನೆಯಲ್ಲಿ ಇಡುವುದಿಲ್ಲ. ಸೆಲ್ ತೆಗೆದು, ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಹಾಕುತ್ತೇನೆ. ಕತ್ತಲಲ್ಲಿ ಹೊಳೆಯುವ ದ್ರವದ ಕಡ್ಡಿ ಇರುವ ಲಾಲಿಪಾಪ್ ಇದ್ದರೆ ಅದೂ ಬೇಡ, ಆ ದ್ರವ ದೊಡ್ಡ ವಿಷ ಅಲ್ಲ, ಬಾಯಿ ಕಣ್ಣು ಉರಿಯುತ್ತದೆ ಅಷ್ಟೇ, ಆದರೆ ಕಡ್ಡಿಯ ಒಳಗೆ ತೆಳು ಗಾಜಿನ ನಳಿಗೆ ಇರುತ್ತದೆ.

ಸೀಟಿ ಲಾಲಿಪಾಪಿನ ಬಗ್ಗೆ ಇನ್ನು ಹೇಳಬೇಕಾಗಿಲ್ಲ.

ಉಂಗುರ ಕ್ಯಾಂಡಿ ಅಷ್ಟು ಕೆಟ್ಟದ್ದಲ್ಲ. ಉಂಗುರದ ಬುಡ ಒಂದೇ ದೊಡ್ಡ ತುಂಡಾಗಿದ್ದರೆ ಮಗಳು ಕೂತುಕೊಂಡು ತಿನ್ನಬಹುದು. ಮೇಲಿನ ಹರಳು ಬುಡದಿಂದ ಅಲ್ಲಾಡತೊಡಗಿದಾಗ ಕಿತ್ತು ಎಸೆಯುವುದು ಅಂತ ಅವಳಿಗೇ ಹೇಳಿಕೊಡಿ, 8 ವರ್ಷದವಳಿಗೆ ಅರ್ಥವಾಗುತ್ತದೆ. ಇಲ್ಲಿ ತೊಂದರೆ ಹಲ್ಲಿನದು. ಬಾಯಿಗೆ ಸಕ್ಕರೆ ಬಿದ್ದ ಪ್ರತಿಸಲ ಬಾಯಲ್ಲಿನ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಆಮ್ಲ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲ್ಪದರ ಕರಗತೊಡಗುತ್ತದೆ, ಮತ್ತೆ ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಗೂ ಜಾಸ್ತಿ ಬೇಕು. ಅಷ್ಟರೊಳಗೆ ಇನ್ನೊಂದು ಸಲ ನೆಕ್ಕಿದರೆ ಗಡಿಯಾರ ಮತ್ತೆ ಮೊದಲಿನಿಂದ. ಬೆರಳಿಗೆ ಹಾಕಿಕೊಂಡು ಸಂಜೆಯೆಲ್ಲ ಆಗಾಗ ಚೀಪುವುದಕ್ಕಿಂತ ಹತ್ತು ನಿಮಿಷದಲ್ಲಿ ತಿಂದು ಮುಗಿಸುವುದು ಹಲ್ಲಿಗೆ ಎಷ್ಟೋ ಒಳ್ಳೆಯದು. ತುಂಬಾ ಹುಳಿಯ ಕ್ಯಾಂಡಿಯಾದರೆ ಅದರದೇ ಆಮ್ಲವೂ ಸೇರುತ್ತದೆ. ಅದನ್ನು ತಿಂದ ಕೂಡಲೇ ಬ್ರಷ್ ಮಾಡಿಸಬೇಡಿ, ಮೆತ್ತಗಾದ ಪದರ ಸವೆಯುತ್ತದೆ. ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಲಿ.

ಚಾಕಲೇಟ್ ಮೊಟ್ಟೆಯನ್ನು ನೀವೇ ಒಡೆಯಿರಿ. ಚಾಕಲೇಟ್ ಇಬ್ಬರಿಗೂ ಕೊಡಿ, ತಿಂದು ಕೈ ತೊಳೆದ ಮೇಲೆ ಆಟಿಕೆಯನ್ನು ಮಗಳಿಗೆ ಕೊಡಿ. ಅದು ಅವಳ ಎತ್ತರದ ಶೆಲ್ಫಿನಲ್ಲಿ ಇರಲಿ, ನೆಲದ ಮೇಲೆ ಬೇಡ. ಆಟಿಕೆ ತುಂಬಿದ ಪ್ಲಾಸ್ಟಿಕ್ ಚಿಪ್ಪನ್ನೂ ಮರೆಯಬೇಡಿ, ಅರ್ಧ ಗೋಲದಂಥ ಚಿಪ್ಪು ಬಾಯಿಗೆ ಮುಚ್ಚಿಕೊಂಡರೆ ಅದೂ ಉಸಿರುಕಟ್ಟಿಸುತ್ತದೆ.

ಹಾಗಾದರೆ ಇಂಥದ್ದನ್ನೆಲ್ಲ ಪೂರ್ತಿ ನಿಲ್ಲಿಸಿಬಿಡಬೇಕಾ? ಮಗನಿಗೆ 5 ಆಗುವವರೆಗೆ ನಾನು ನಿಲ್ಲಿಸಿ ಅಂತಲೇ ಹೇಳುತ್ತೇನೆ. ಮನೆಯಲ್ಲಿ ಯಾವ ವಸ್ತು ಇರಬಹುದು ಅಂತ ತೀರ್ಮಾನಿಸುವುದು ಮನೆಯ ಅತಿ ಚಿಕ್ಕ ಮಗುವಿನ ವಯಸ್ಸು, ಯಾರ ಹುಟ್ಟುಹಬ್ಬ ಅನ್ನುವುದಲ್ಲ. ಆದರೆ ನಿಲ್ಲಿಸುವುದರಲ್ಲೂ ಒಂದು ಅಪಾಯ ಇದೆ, ಅದನ್ನು ಕಣ್ಣಾರೆ ನೋಡಿದ್ದೇನೆ. ಬೈದು ಕಿತ್ತುಕೊಂಡರೆ ಮಕ್ಕಳು ಮಂಚದ ಕೆಳಗೆ, ಬಾಗಿಲ ಹಿಂದೆ ಕದ್ದು ತಿನ್ನುತ್ತಾರೆ. ಬಾಯಲ್ಲಿ ಇರುವಾಗ ಯಾರಾದರೂ ಬಂದರೆ ಗಾಬರಿಯಲ್ಲಿ ನುಂಗಿಬಿಡುತ್ತಾರೆ. ಅದಕ್ಕಿಂತ ಸಿಹಿ ಬೇರೆ, ಆಟಿಕೆ ಬೇರೆ ಅಂತ ಮಾಡಿ ಎರಡನ್ನೂ ಕೊಡುವುದು ಒಳ್ಳೆಯದು. ಸಿಹಿ ತಿನ್ನುವಾಗ ಕೂತೇ ತಿನ್ನಬೇಕು, ಇದು ಅಜ್ಜಿಗೂ ಮಾಮನಿಗೂ ಅನ್ವಯಿಸುವ ನಿಯಮ ಆಗಲಿ. ನಿಮ್ಮ ತಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಪ್ರೀತಿಯಿಂದ ತಂದದ್ದು. ಈ ಉತ್ತರವನ್ನು ಅವನಿಗೆ ಕಳಿಸಿ, ಸಾಕು.

ಅತ್ತೆಯವರಿಗೂ ಒಂದು ಮಾತು. ಮಗು ಜೋರಾಗಿ ಕೆಮ್ಮುತ್ತಾ, ಅಳುತ್ತಾ ಇದ್ದರೆ ಕೆಮ್ಮಲು ಬಿಡಿ, ಕೆಮ್ಮಿನಷ್ಟು ಬಲವಾದದ್ದು ನಮ್ಮ ಕೈಯಲ್ಲಿ ಇಲ್ಲ. ಬಾಯೊಳಗೆ ಕಾಣದೆ ಬೆರಳು ಹಾಕಬೇಡಿ. ದನಿ ಹೊರಡುತ್ತಿಲ್ಲ, ಕೆಮ್ಮಲು ಆಗುತ್ತಿಲ್ಲ ಅಂದಾಗ ಮಾತ್ರ ಮುಂದಕ್ಕೆ ಬಗ್ಗಿಸಿ ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಕ್ಕೂ ಎದೆಮೂಳೆಗೂ ನಡುವೆ ಮುಷ್ಟಿಯಿಟ್ಟು ಒಳಕ್ಕೆ ಮೇಲಕ್ಕೆ ಐದು ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಹೊಟ್ಟೆ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. ಇನ್ನೊಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದನ್ನು ಶುರುಮಾಡಿ. ಇದನ್ನು ಓದಿ ಕಲಿಯುವುದಕ್ಕಿಂತ ಯಾವುದಾದರೂ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಗೊಂಬೆಯ ಮೇಲೆ ಮಾಡಿ ಕಲಿಯುವುದು ಲೇಸು, ಇಡೀ ಮನೆಯವರು ಹೋಗಿ ಬನ್ನಿ.

ಕೊನೆಗೆ ನಿಮ್ಮ ಮಗಳು. ಅವಳನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆದರೆ ಕರೆದುಕೊಂಡು ಹೋಗಿ. ಡಾಕ್ಟರ್ ಕೇಳುವ ಹಲವು ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಅವಳೊಬ್ಬಳಿಗೆ. ಸೀಟಿಯ ಬಿಲ್ಲೆ ಯಾವ ಬಣ್ಣದ್ದು, ಕೊಡುವಾಗ ಅದು ಕಡ್ಡಿಯಲ್ಲೇ ಇತ್ತಾ, ಅಲ್ಲಾಡುತ್ತಿತ್ತಾ, ತಮ್ಮ ಎಲ್ಲಿ ನಿಂತು ಕೆಮ್ಮಿದ. ನೀನು ಏನೂ ತಪ್ಪು ಮಾಡಿಲ್ಲ, ನಿನ್ನದನ್ನು ತಮ್ಮನಿಗೂ ಕೊಟ್ಟೆ, ಅದರೊಳಗೆ ಏನಿದೆ ಅಂತ ನೋಡಬೇಕಾದದ್ದು ದೊಡ್ಡವರು ಅಂತ ಅವಳಿಗೆ ಹೇಳಿ. ಈಗ ತಮ್ಮನಿಗೆ ಸಹಾಯ ಮಾಡಲು ನಿನ್ನ ನೆನಪು ಬೇಕು ಅಂತಲೂ ಹೇಳಿ. ಆ ಕವರನ್ನು ಅವಳ ಕೈಗೇ ಕೊಡಿ, ಅವಳೇ ಹಿಡಿದುಕೊಂಡು ಬರಲಿ.